ತುದಿಯ ಇಂಗಾಲ

ಮಾಸ್ತರರ ಕೆಳತುಟಿಯ ಎಡಭಾಗದಲ್ಲಿ ಜೋಳದ ಕಾಳಿನಷ್ಟು ಒಂದು ಬಿಳಿ ಕಲೆ ಇತ್ತು. ಮಾತಾಡುವಾಗ ಇಡೀ ತುಟಿ ಅಲ್ಲಾಡಿದರೂ ಅಷ್ಟು ಜಾಗ ಮಾತ್ರ ಬಿಗಿದುಕೊಂಡೇ ಇರುತ್ತಿತ್ತು. ಕಾಲೇಜಿನಲ್ಲಿ ಓದುವಾಗ ಗಾಜಿನ ನಳಿಕೆಯಲ್ಲಿ ಆಮ್ಲವನ್ನು ಬಾಯಿಂದ ಎಳೆಯಲು ಹೋಗಿ, ತುಸು ಹೆಚ್ಚಾಗಿ ಎಳೆದು, ತುಟಿ ನಾಲಿಗೆ ಎರಡನ್ನೂ ಸುಟ್ಟುಕೊಂಡಿದ್ದರಂತೆ. ನಾಲಿಗೆಯ ತುದಿಗೆ ಅಂದಿನಿಂದ ರುಚಿ ಹತ್ತುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವ್ವ ಕೆಂಪು ಖಾರದ ಚಟ್ನಿಯನ್ನು ಹೆದರುತ್ತ ಬಡಿಸಿದರೆ, ಅವರು ಅದನ್ನು ಬೆಣ್ಣೆಯ ಹಾಗೆ ರೊಟ್ಟಿಗೆ ಸವರಿಕೊಂಡು ತಿನ್ನುತ್ತಿದ್ದರು. "ನನಗ ನಾಲಿಗಿ ಮ್ಯಾಲೆ ನಂಬಿಕಿ ಇಲ್ರಿ," ಎನ್ನುತ್ತಿದ್ದರು. ನಗಿಸಲು ಹೇಳಿದ ಮಾತೆಂದು ನಾವು ನಗುತ್ತಿದ್ದೆವು.

ಅವರು ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮೂಲ ಊರು ನರಗುಂದದ ಕಡೆಯ ಶಿರೋಳ. ನಾನು ಅವರ ಕೈಯಲ್ಲಿ ಕಲಿತ ಗಜೇಂದ್ರಗಡದ ಹುಡುಗ, ಬಣ್ಣಗಾರನ ಮಗ. ಅಪ್ಪ ನೇಕಾರರಿಗೆ ಹತ್ತಿಯ ನೂಲಿಗೂ ರೇಷ್ಮೆಗೂ ಬಣ್ಣ ಹಾಕಿಕೊಡುತ್ತಿದ್ದ. ಮನೆಯಲ್ಲಿ ಎರಡು ಮಗ್ಗಗಳೂ ಇದ್ದವು. ಓಣಿಯಲ್ಲಿ ಮ್ಯಾಟ್ರಿಕ್ ದಾಟಿದ ಮೊದಲ ಮಗ ಎಂಬ ಹೊಗಳಿಕೆಯನ್ನು ಹೊತ್ತು ಧಾರವಾಡಕ್ಕೆ ಹೋದ ನಾನು, ಇಂಟರ್ ಸಾಯನ್ಸಿನಲ್ಲಿ ರಸಾಯನಶಾಸ್ತ್ರಕ್ಕೆ ಡುಮ್ಕಿ ಹೊಡೆದು ಟ್ರಂಕಿನೊಂದಿಗೆ ವಾಪಸು ಬಂದಿದ್ದೆ. ಆಗಿನ್ನೂ ನಾವು ಮುಂಬಯಿ ರಾಜ್ಯದಲ್ಲಿದ್ದೆವು, ಏಕೀಕರಣಕ್ಕೆ ಒಂದೆರಡು ವರ್ಷ ಬಾಕಿ ಇತ್ತು. ಅಕ್ಟೋಬರಿನಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕೂಡಬಹುದಾಗಿತ್ತು. ಆಗಲೂ ಫೇಲಾದರೆ ಮಗ್ಗದ ಕುಣಿಗೆ ಇಳಿಯುವುದೇ ಸೈ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಸುದ್ದಿ ರೋಣಕ್ಕೆ ಮುಟ್ಟಿದ ಮುಂದಿನ ರವಿವಾರವೇ ಮಾಸ್ತರರು ಬೆಳಗಿನ ಬಸ್ಸಿಗೆ ಬಂದಿಳಿದರು. ನಾನು ಮುಖ ತಪ್ಪಿಸಲು ಹಿತ್ತಲಿಗೆ ಹೋದೆ. ಅಲ್ಲಿಗೇ ಬಂದರು.

"ಎದರಾಗ ಹೋತು?"

"ಆರ್ಗ್ಯಾನಿಕ್‌ನಾಗ ಸರ. ಹೆಸರು ಬರಿಯೂ ಪ್ರಶ್ನಿ ಬಂದಿತ್ತು. ಆಸಿಡ್ ಹೆಸರು ಒಂದೂ ಸರಿ ಆಗಲಿಲ್ಲ."

"ಬಾಯಿಪಾಠ ಮಾಡಿದ್ದೇನು?"

"ಹೌದ್ರಿ."

"ಹಂಗಾರ ಫೇಲಾದದ್ದು ಚಲೋ ಆತು," ಎಂದರು. "ಬರೂ ರವಿವಾರದಿಂದ ನಾ ಬರ್ತೀನಿ. ನಿಮ್ಮ ಅವ್ವಾರಿಗೆ ಎರಡು ರೊಟ್ಟಿ ಹೆಚ್ಚಿಗಿ ಬಡೀಲಿಕ್ಕೆ ಹೇಳು."

ಆ ಎರಡು ರೊಟ್ಟಿಗಿಂತ ಹೆಚ್ಚಿನದೇನನ್ನೂ ಅವರು ನಮ್ಮ ಮನೆಯಿಂದ ಮುಟ್ಟಲಿಲ್ಲ.

ಹೆಸರುಗಳೆಂದರೆ ಅವರಿಗೆ ಒಂದು ಹುಚ್ಚು. ಆಗಿನ ಪುಸ್ತಕಗಳಲ್ಲಿ ಒಂದೊಂದು ಆಮ್ಲಕ್ಕೂ ಎರಡೆರಡು ಹೆಸರು. ಹಳೆಯದು, ಅದು ಮೊದಲು ಎಲ್ಲಿ ಸಿಕ್ಕಿತು ಎಂಬುದರಿಂದ ಬಂದದ್ದು: ಇರುವೆಯಿಂದ ಇಳಿಸಿದ್ದಕ್ಕೆ ಇರುವೆಯ ಹೆಸರು, ಸಿರ್ಕಾದಲ್ಲಿ, ಅಂದರೆ ವಿನೆಗರಿನಲ್ಲಿ, ಸಿಕ್ಕದ್ದಕ್ಕೆ ಸಿರ್ಕಾದ ಹೆಸರು. ಇನ್ನೊಂದು ಜಿನೀವಾ ಪದ್ಧತಿಯದು. ಅದರಲ್ಲಿ ಇಂಗಾಲದ ಸರಪಳಿ ಎಷ್ಟು ಉದ್ದ, ಅದಕ್ಕೆ ಆಮ್ಲದ ಗುಂಪು ಎಷ್ಟು ಎಂದು ಎಣಿಸಿಯೇ ಹೆಸರು ಕಟ್ಟಬೇಕು. ಒಂದೇ ಇಂಗಾಲವಿದ್ದರೆ ಮೆಥನಾಯಿಕ್, ಎರಡಿದ್ದರೆ ಎಥನಾಯಿಕ್, ಮೂರಿದ್ದರೆ ಪ್ರೊಪನಾಯಿಕ್, ಹೀಗೆ. ಮಾಸ್ತರರು ಹಳೆಯ ಹೆಸರುಗಳನ್ನು ಬಾಯಿಂದ ತೆಗೆಯುತ್ತಲೇ ಇರಲಿಲ್ಲ. ತೆಗೆದ ಹುಡುಗನನ್ನು ವರ್ಗದ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು.

"ಹೆಸರಂದ್ರ ವಿಳಾಸ ಇದ್ಧಾಂಗ ಇರಬೇಕು," ಎನ್ನುತ್ತಿದ್ದರು. "ಯಾವ ಓಣಿ, ಎಷ್ಟನೇ ಮನಿ ಅನ್ನೂದು ಅದರಾಗ ಬರಬೇಕು. ಇರುವಿ ಹೆಸರು ಹೇಳಿದ್ರ ಇರುವಿ ತಿಳೀತದ. ಒಳಗೇನದ ಅನ್ನೂದು ತಿಳಿಯೂದಿಲ್ಲ."

ಎರಡನೆಯ ರವಿವಾರ ಅವರು ನಮ್ಮ ಅಪ್ಪ ಕೆಲಸ ಮಾಡುವುದನ್ನು ನೋಡಿದರು. ರೇಷ್ಮೆಗೆ ಬಣ್ಣ ಹಾಕಿ ತೊಳೆದ ಮೇಲೆ ಕೊನೆಗೊಮ್ಮೆ ಅದನ್ನು ಹುಳಿ ನೀರಿನಲ್ಲಿ ಅದ್ದುತ್ತಾರೆ. ಅದರಿಂದ ನೂಲಿಗೆ ಹೊಳಪು ಬರುತ್ತದೆ, ನೇಯ್ದ ಸೆರಗು ಸರಸರ ಎನ್ನುತ್ತದೆ. ಆ ನೀರಿಗೆ ನಾವು ಹಾಕುತ್ತಿದ್ದುದು ಟಾರ್ಟಾರಿಕ್ ಆಮ್ಲ. ಹುಣಸೆಯಲ್ಲಿರುವ ಹುಳಿಯೇ ಅದು, ಅಂಗಡಿಯಲ್ಲಿ ಬಿಳಿ ಹರಳಾಗಿ ಸಿಗುತ್ತಿತ್ತು. ಮನೆಯಲ್ಲಿ ಅದಕ್ಕೆ ಹುಳಿ ಹರಳು ಎನ್ನುತ್ತಿದ್ದೆವು. ನೀರು ಎಷ್ಟು ಹುಳಿಯಾಯಿತೆಂದು ಅಪ್ಪ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಅವನ ಅಪ್ಪನೂ ಹಾಗೇ ನೋಡಿದವನು, ಊರಿನ ಬಣ್ಣಗಾರರೆಲ್ಲರೂ ಹಾಗೇ. ಸಾಲದ್ದಕ್ಕೆ ಅಪ್ಪನಿಗೆ ಎದೆ ಉರಿ. ಮಧ್ಯಾಹ್ನದ ಊಟವಾದ ಮೇಲೆ ಅದೇ ಭರಣಿಯಿಂದ ಒಂದು ಚಮಚೆ ಹರಳು ತೆಗೆದು, ಅಡಿಗೆ ಸೋಡಾದ ಜೊತೆ ನೀರಿಗೆ ಹಾಕಿ, ಭುಸ್ಸೆಂದು ನೊರೆ ಏಳುತ್ತಿರುವಾಗಲೇ ಗಟಗಟ ಕುಡಿದು ತೇಗುವುದು ಅವನ ದಿನದ ರೂಢಿ.

ಬೆರಳು ನಾಲಿಗೆಗೆ ಹೋದದ್ದನ್ನು ನೋಡಿ ಮಾಸ್ತರರು ಕೂತಲ್ಲಿಂದ ಎದ್ದರು.

"ಅದನ್ನ ಬಾಯಿಗೆ ಹಚ್ಚಬ್ಯಾಡ್ರಿ."

"ನಾಲಗಿ ಬಿಟ್ರ ನಮಗ ಬ್ಯಾರೆ ತಕ್ಕಡಿ ಎಲ್ಲೈತ್ರಿ ಮಾಸ್ತರ?" ಎಂದ ಅಪ್ಪ.

"ಇದರ ಅಣ್ಣತಮ್ಮಂದಿರು ಭಾಳ ಮಂದಿ ಇದ್ದಾರ. ಎಲ್ಲಾರೂ ಬೆಳ್ಳಗ, ಎಲ್ಲಾರೂ ಹುಳಿ. ಒಬ್ಬ ಊಟಕ್ಕ ಬರ್ತಾನ, ಒಬ್ಬ ಜೀವಕ್ಕ ಬರ್ತಾನ. ನಾಲಿಗಿಗೆ ಎಣಿಸ್ಲಿಕ್ಕೆ ಬರೂದಿಲ್ರಿ. ಭರಣಿ ಮ್ಯಾಲೆ ಹೆಸರು ಬರದು ಹಚ್ರಿ."

"ಹಚ್ಚಿದ್ರ ಓದಾಂವ್ರು ಯಾರು? ನನಗ ಅಕ್ಷರ ಬರಾಂಗಿಲ್ಲ. ಅಂಕಿ ಅಷ್ಟ ಬರ್ತಾವು."

ನೂಲಿನ ನಂಬರು ಓದಿ ಓದಿ ಅಪ್ಪನಿಗೆ ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ಮಾಸ್ತರರು ಯಾರೋ ಬಹುಮಾನ ಕೊಟ್ಟ ಹಾಗೆ ಮುಖ ಅರಳಿಸಿದರು. ಅಂಕಿ ಬಂದರೆ ಸಾಕಲ್ಲ, ಜಿನೀವಾದವರು ಹೇಳುವುದೂ ಅಂಕಿಯನ್ನೇ ಎಂದರು. ಮೊದಲನೆಯ ಅಂಕಿ ಇಂಗಾಲ ಎಷ್ಟು ಎಂಬುದು, ಎರಡನೆಯದು ಆಮ್ಲದ ಗುಂಪು ಎಷ್ಟು ಎಂಬುದು. ಎರಡೇ ಅಂಕಿಗಳಲ್ಲಿ ಯಾವ ಹುಳಿಯೆಂದು ಗೊತ್ತಾಗಬೇಕು. ನಮ್ಮ ಮನೆಯಲ್ಲಿರುವ ನಾಲ್ಕು ಡಬ್ಬಿಗೆ ಅಷ್ಟು ಧಾರಾಳವಾಗಿ ಸಾಕು ಎಂಬುದು ಅವರ ಲೆಕ್ಕ.

ನನಗೆ ತಿಳಿಯಲೆಂದು ಮಗ್ಗದ ಬಳಿ ಬಿದ್ದಿದ್ದ ಕಪ್ಪು ಹತ್ತಿ ದಾರ ತೆಗೆದುಕೊಂಡು ಅದಕ್ಕೆ ಗಂಟು ಹಾಕಿ ತೋರಿಸಿದರು: ಒಂದೊಂದು ಗಂಟು ಒಂದೊಂದು ಇಂಗಾಲ. ಆಮ್ಲದ ಗುಂಪು ಎದ್ದು ಕಾಣಲಿ ಎಂದು ತುದಿಗೆ ಒಂದು ತುಂಡು ಕೆಂಪು ರೇಷ್ಮೆಯನ್ನು ಕಟ್ಟಿದರು. ಅಷ್ಟರಲ್ಲಿ ಸಂಜೆಯ ಬಸ್ಸಿನ ಹಾರ್ನ್ ಕೇಳಿಸಿತು. "ಭರಣಿಗೆ ನೀನ ಚೀಟಿ ಹಚ್ಚು. ಮುಂದಿನ ವಾರ ನೋಡ್ತೀನಿ," ಎನ್ನುತ್ತ ಚಪ್ಪಲಿ ಮೆಟ್ಟಿಕೊಂಡು ಓಡಿದರು.

ಆ ಕೆಂಪು ತುಂಡೇ ನನ್ನನ್ನು ದಾರಿ ತಪ್ಪಿಸಿತು ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ನಮ್ಮ ಕಡೆಯ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಒಡಲು ಎಷ್ಟು ಉದ್ದ ಎಂದು ಕೇಳಿದರೆ ನೇಕಾರರ ಮನೆಯ ಕೂಸು ಕೂಡ ಸೆರಗನ್ನು ಬಿಟ್ಟೇ ಹೇಳುತ್ತದೆ. ನಾನೂ ಪುಸ್ತಕದಲ್ಲಿ ಹುಳಿ ಹರಳಿನ ಚಿತ್ರ ತೆಗೆದು ನೋಡಿದೆ. ನಾಲ್ಕು ಇಂಗಾಲ ಸಾಲಾಗಿ ನಿಂತಿದ್ದವು, ಎರಡೂ ತುದಿಯವು ಆಮ್ಲದ ಗುಂಪುಗಳು. ತುದಿಯವು ಸೆರಗು, ನಡುವಿನವೆರಡು ಒಡಲು ಎಂದುಕೊಂಡು ದೊಡ್ಡ ಅಕ್ಷರದಲ್ಲಿ ೨–೨ ಎಂದು ಬರೆದು ಭರಣಿಗೆ ಅಂಟಿಸಿದೆ. ತುದಿಯ ಇಂಗಾಲವೂ ಸರಪಳಿಯದೇ, ಎಣಿಕೆ ಶುರುವಾಗುವುದೇ ಅಲ್ಲಿಂದ. ಅದು ೪–೨ ಆಗಬೇಕಿತ್ತು. ಧಾರವಾಡದಲ್ಲಿ ಪ್ರತಿ ಆಮ್ಲದ ಹೆಸರೂ ತಪ್ಪಿದ್ದು ಇದೇ ಕಾರಣಕ್ಕೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಅಪ್ಪನಿಗೆ ಚೀಟಿ ಬಹಳ ಮೆಚ್ಚಿಗೆಯಾಯಿತು. ಜನ್ಮದಲ್ಲಿ ಮೊದಲ ಸಲ ತನ್ನ ಸಾಮಾನಿನ ಹೆಸರನ್ನು ತಾನೇ ಓದಿದ್ದ. ಊಟವಾದ ಮೇಲೆ ಅವ್ವನಿಗೆ, "ಎರಡು–ಎರಡು ತಗೊಂಬಾ," ಎಂದು ಠೀವಿಯಿಂದ ಹೇಳತೊಡಗಿದ.

ಮುಂದಿನ ರವಿವಾರ ಮಾಸ್ತರರು ಬರಲಿಲ್ಲ. ಶಾಲೆಯ ತಪಾಸಣೆ ಇತ್ತು. ಅದೇ ವಾರ ಮಳೆ ಬಂದು, ತಗಡಿನ ಮಾಡಿನ ಮೊಳೆಗಳಿಂದ ತುಕ್ಕಿನ ನೀರು ತೊಟ್ಟಿಕ್ಕಿ, ಮದುವೆಗೆಂದು ನೇಯುತ್ತಿದ್ದ ಬಿಳಿ ಒಡಲಿನ ಸೀರೆಯ ಮೇಲೆ ಕಂದು ಕಲೆಗಳಾದವು. ಅಪ್ಪ ತಲೆಯ ಮೇಲೆ ಕೈಹೊತ್ತು ಕೂತ. ನಾನು ಮಾಸ್ತರರಿಗೆ ಕಾರ್ಡು ಬರೆದೆ. ತುಕ್ಕು ತೆಗೆಯುವ ವಸ್ತು ಶಾಲೆಯ ಕಪಾಟಿನಲ್ಲಿದೆ, ಬರುವಾಗ ತರುತ್ತೇನೆ ಎಂದು ಉತ್ತರ ಬಂತು.

ಆ ರವಿವಾರ ಅವರು ಬಸ್ಸಿಳಿದವರೇ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ಇದು ವಿಷ ಅದ, ತಿಳೀತಿಲ್ಲೋ? ನಿಮ್ಮ ಅಪ್ಪಾರ ಕೈಯಾಗ ಕೊಟ್ಟು, ಬಾಯಿಬಿಟ್ಟು ಹೇಳು."

ಅಪ್ಪ ಜವಳಿ ಅಂಗಡಿಗೆ ಹೋಗಿದ್ದ. ಬಂದ ಮೇಲೆ ಹೇಳಿದರಾಯಿತು ಎಂದು ಬಣ್ಣದ ಮನೆಯ ಗೋಡೆಯ ಮಾಡದಲ್ಲಿ, ಭರಣಿಯ ಪಕ್ಕಕ್ಕೇ ಅದನ್ನಿಟ್ಟು ಬಂದೆ. ಪೊಟ್ಟಣದ ಮೇಲೆ ಅವರು ಏನೋ ಬರೆದದ್ದು ಕಂಡಿತ್ತು. ಓದಲಿಲ್ಲ. ಓದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನಾವು ಜಗುಲಿಯ ಮೇಲೆ ಪಾಠಕ್ಕೆ ಕೂತೆವು. ಮಧ್ಯಾಹ್ನವಾಗಿತ್ತು. ಅಪ್ಪ ಹಿತ್ತಲ ಬಾಗಿಲಿನಿಂದ ಬಂದದ್ದೂ, ಬಣ್ಣದ ಮನೆಗೆ ಹೋಗಿ ಏನೋ ಸದ್ದು ಮಾಡಿದ್ದೂ, ಅವ್ವ ತಾಟು ಇಟ್ಟದ್ದೂ ನನಗೆ ಕೇಳಿಸಿತು. ಎದ್ದು ಹೋಗಿ ಹೇಳಬೇಕು ಎಂದುಕೊಂಡೆ. ಆದರೆ ಮಾಸ್ತರರು ಮಾತಾಡುತ್ತಿರುವಾಗ ನಡುವೆ ಏಳುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ. ಈ ಮಾತು ಮುಗಿಯಲಿ, ಇನ್ನೊಂದು ಮಾತು ಮುಗಿಯಲಿ ಎಂದು ಕೂತೆ. ಒಳಗೆ ಊಟ ಮುಗಿಯಿತು.

"ನಿಮ್ಮ ಹುಳಿ ಹರಳಿನ ಹೆಸರು ಕಟ್ಟು ನೋಡೋಣು," ಎಂದರು ಮಾಸ್ತರರು. "ಕಾರ್ಬನ್ ಎಷ್ಟು?"

"ಎರಡು ಸರ."

"ತುದಿಯಾವು?"

"ತುದಿಯಾವು ಆಸಿಡ್ ಅಲ್ಲೇನ್ರಿ. ಸೆರಗು ಒಡಲಿನಾಗ ಬರೂದಿಲ್ಲ."

ಅವರು ಕೈಯಲ್ಲಿದ್ದ ದಾರವನ್ನೂ ಅದರ ತುದಿಯ ಕೆಂಪು ರೇಷ್ಮೆಯನ್ನೂ ನೋಡಿದರು. ತುಟಿಯ ಕಲೆ ಇನ್ನಷ್ಟು ಬೆಳ್ಳಗಾಯಿತು.

"ಭರಣಿ ಮ್ಯಾಲೆ ಏನಂತ ಬರದಿ?"

"ಎರಡು–ಎರಡು."

"ಪೊಟ್ಟಣ ಎಲ್ಲೆದ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಜಗುಲಿಯಿಂದ ಧುಮುಕಿದ್ದರು. ಮಾಡದಲ್ಲಿ ಭರಣಿ ಕಂಠದವರೆಗೆ ತುಂಬಿತ್ತು. ಪಕ್ಕದಲ್ಲಿ ಪೊಟ್ಟಣದ ಕಾಗದ ನೀಟಾಗಿ ಮಡಚಿ ಇಟ್ಟಿತ್ತು. ಮಾಸ್ತರರ ಗುಂಡಗಿನ ಕೈಬರಹದಲ್ಲಿ ಅದರ ಮೇಲೆ ೨–೨ ಎಂದಿತ್ತು. ಎರಡು ಇಂಗಾಲ, ಎರಡೂ ಆಮ್ಲದ ಗುಂಪು. ಅವರ ಎಣಿಕೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅಂಕಿ ಒಂದೇ ಇದೆ, ಬಣ್ಣ ಒಂದೇ ಇದೆ, ಮಗ ಹುಳಿ ಹರಳು ತರಿಸಿದ್ದಾನೆ ಎಂದು ಅಪ್ಪ ಒಂದರ ಮೇಲೊಂದು ಸುರಿದಿದ್ದ.

ಒಳಗೆ ಹೋದಾಗ ಅವನು ಗೋಡೆಗೊರಗಿ ಕೂತು ಗಂಟಲು ನೀವಿಕೊಳ್ಳುತ್ತಿದ್ದ. ತಂಬಿಗೆಯಲ್ಲಿ ಅರ್ಧ ಉಳಿದಿತ್ತು, ನೊರೆ ಇನ್ನೂ ಕೂತಿರಲಿಲ್ಲ.

"ಇವತ್ತ ಯಾಕೋ ಭಾಳ ಉರಿ ಐತಿ," ಎಂದ. ಅಷ್ಟರಲ್ಲೇ ಹೊಟ್ಟೆ ಹಿಡಿದುಕೊಂಡು ಬಗ್ಗಿದ, ವಾಂತಿ ಮಾಡಿಕೊಂಡ. ಕೈಬೆರಳು ಜುಮುಗುಡುತ್ತಿವೆ ಎಂದ.

ಅವ್ವ ಮಜ್ಜಿಗೆ ತರಲು ಎದ್ದಳು. "ಬ್ಯಾಡ್ರಿ. ಸೋಡಾನೂ ಬ್ಯಾಡ," ಎಂದರು ಮಾಸ್ತರರು. ನನ್ನ ಕಡೆ ತಿರುಗಿ, "ಸುಣ್ಣ. ನೀಲಿ ಬಣ್ಣದ ಹರವಿಗೆ ಹಾಕ್ಲಿಕ್ಕೆ ಸುಣ್ಣದ ನೀರು ಇಟ್ಟಿರ್ತೀರಲ್ಲ, ಮ್ಯಾಲಿನ ತಿಳಿ ತಗೊಂಬಾ. ಓಡು."

ನಾನು ಗಡಿಗೆಯನ್ನೇ ಎತ್ತಿ ತಂದೆ. ಅಷ್ಟರಲ್ಲಿ, ಮಾಸ್ತರರು ತಂದದ್ದು ವಿಷವಂತೆ ಎಂಬ ಅವ್ವನ ಕೂಗು ಕೇಳಿ ಓಣಿಯವರು ಬಾಗಿಲಿಗೆ ಬಂದಿದ್ದರು. ಪಕ್ಕದ ಮನೆಯ ಕಾಕಾ, ಅಪ್ಪನ ತಮ್ಮ, ಒಳಗೆ ನುಗ್ಗಿ ಮಾಸ್ತರರ ರಟ್ಟೆ ಹಿಡಿದ.

"ವಿಷಾ ತಂದಾಂವ ನೀನ. ಈಗ ಸುಣ್ಣಾ ಕುಡಸ್ತೀಯಾ? ಕರುಳು ಸುಡಬೇಕೇನು?"

ಬಾಗಿಲಲ್ಲಿ ನಿಂತವರೂ ಹೌದೆಂದರು. ಅಪ್ಪ ನೆಲದ ಮೇಲೆ ಮುದುಡುತ್ತಿದ್ದ. ಒಂದೊಂದು ಕ್ಷಣವೂ ಅವನದೇ ಜೀವದಿಂದ ಕಳೆಯುತ್ತಿತ್ತು, ನಾನು ಗಡಿಗೆ ಹಿಡಿದು ಕಂಬದಂತೆ ನಿಂತಿದ್ದೆ. ಮಾಸ್ತರರು ಜಗಳ ಮಾಡಲಿಲ್ಲ. ಬಿಡಿಸಿಕೊಳ್ಳಲೂ ಇಲ್ಲ. ಖಾಲಿ ಇದ್ದ ಕೈಯಿಂದ ಬಟ್ಟಲನ್ನು ಗಡಿಗೆಯಲ್ಲಿ ಅದ್ದಿ ತಿಳಿನೀರು ತೆಗೆದು, ಎಲ್ಲರ ಮುಂದೆ ತಾವೇ ಅಷ್ಟೂ ಕುಡಿದರು. ಖಾಲಿ ಬಟ್ಟಲು ತೋರಿಸಿದರು.

"ನಾ ಕುಡದೀನಿ. ಈಗ ಅವರಿಗೆ ಕುಡಸೂಣು," ಎಂದರು. "ಆ ಆಸಿಡ್ಡು ಸುಣ್ಣ ಕಂಡ್ರ ಅದನ್ನ ಹಿಡಕೊಂಡು ಗಟ್ಟಿ ಆಗಿ ಕೂಡ್ತದ. ಕೂತಿದ್ದು ರಕ್ತಕ್ಕ ಹೋಗೂದಿಲ್ಲ. ಲಗೂ ಕೈಬಿಡ್ರಿ."

ಕಾಕಾ ಕೈಬಿಟ್ಟ. ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಟ್ಟಲ ಮೇಲೆ ಬಟ್ಟಲು ಕುಡಿಸಿದರು. ವಾಂತಿಯಾದರೆ ಮತ್ತೆ ಕುಡಿಸಿದರು. ಅವರ ಧೋತರ, ಅಂಗಿ ಎಲ್ಲ ಸುಣ್ಣವೂ ವಾಂತಿಯೂ ಆಗಿತ್ತು. ಆಮೇಲೆ ಹೊರಸಿನ ಮೇಲೆ ಮಲಗಿಸಿ ನಾಲ್ಕು ಮಂದಿ ಹೊತ್ತು ದವಾಖಾನೆಗೆ ಓಡಿದೆವು.

ದವಾಖಾನೆಯ ಡಾಕ್ಟರರು ಏನು ಕುಡಿದ ಎಂದು ಕೇಳಿದರು. ಮಾಸ್ತರರು ಕ್ಷಣವೂ ತಡೆಯದೆ, "ಆಕ್ಸಾಲಿಕ್ ಆಸಿಡ್," ಎಂದರು. ಅವರ ಬಾಯಲ್ಲಿ ನಾನು ಹಳೆಯ ಹೆಸರು ಕೇಳಿದ್ದು ಅದೊಂದೇ ಸಲ. ಡಾಕ್ಟರರಿಗೆ ಗೊತ್ತಿರುವ ಹೆಸರು ಅದು, ವಿವರಿಸುತ್ತ ನಿಲ್ಲುವಷ್ಟು ಹೊತ್ತು ಇರಲಿಲ್ಲ.

ಡಾಕ್ಟರರು ಅಪ್ಪನಿಗೆ ಸೂಜಿ ಹಾಕಿದ ಮೇಲೆ ಹೊರಗೆ ಬಂದು, ಸುಣ್ಣ ಕೊಟ್ಟವರು ಯಾರು ಎಂದು ವಿಚಾರಿಸಿದರು. "ಅದಕ್ಕ ಇಲ್ಲೀತನ ಬಂದಾನ. ಇನ್ನ ಮೂತ್ರಪಿಂಡ ಏನಂತಾವ ನೋಡಬೇಕು. ಎರಡು ದಿನ ನಾ ಏನೂ ಹೇಳೂದಿಲ್ಲ," ಎಂದರು. ಆಮೇಲೆ ಪೊಲೀಸ್ ಫೌಜದಾರರಿಗೆ ವರದಿ ಕಳಿಸಬೇಕೆಂದು ಮೇಜಿನ ಬಳಿ ಕೂತು ಕಾಗದ ತೆಗೆದರು. ಕಾಕಾ ಸಾಕ್ಷಿಗೆಂದು ಭರಣಿಯನ್ನೂ ಪೊಟ್ಟಣದ ಕಾಗದವನ್ನೂ ಹೊತ್ತು ತಂದಿದ್ದ. ಎರಡರ ಮೇಲೂ ಒಂದೇ ಗುರುತು ಕಂಡು ಡಾಕ್ಟರರು ಭರಣಿಯ ಚೀಟಿಯ ಮೇಲೆ ಬೆರಳಿಟ್ಟರು.

"ಊಟದ ಸಾಮಾನಿನ ಮ್ಯಾಲೆ ವಿಷದ ಗುರುತು ಬರದಾಂವ ಯಾಂವ?"

ನಾನು ಅಲ್ಲೇ ಇದ್ದೆ. ನನಗೂ ಆ ಮೇಜಿಗೂ ನಡುವೆ ಮಾಸ್ತರರು ಒಬ್ಬರೇ ನಿಂತಿದ್ದರು. ನಾನು ಎಂದು ಹೇಳಲು ಎರಡು ಅಕ್ಷರ ಸಾಕು. ಆ ಎರಡನ್ನು ನಾನು ಹೇಳಲಿಲ್ಲ.

"ನಾನ್ರಿ," ಎಂದರು ಮಾಸ್ತರರು. "ಎಣಿಕಿ ತಪ್ಪಿತು."

ತೆರೆದ ಬಾಗಿಲಿನ ಒಳಗೆ ಮಲಗಿದ್ದ ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡ. ಅಕ್ಷರ ಬಾರದಿದ್ದರೂ ಮಗನ ಕೈಯ ಅಂಕಿ ಯಾವುದೆಂದು ಅವನಿಗೆ ಗೊತ್ತಿತ್ತು.

ಪಡಸಾಲೆಯಲ್ಲಿ ನಾನು ಅವರ ಹಿಂದೆ ಹೋದೆ. "ಸರ, ಅದು ನಾ..." ಎಂದೆ.

"ಸುಮ್ಮನಿರು," ಎಂದರು. ಸಿಟ್ಟಿರಲಿಲ್ಲ, ದಣಿವಿತ್ತು. "ಪರೀಕ್ಷೆ ಮೂರು ವಾರ ಅದ. ಈಗ ಫೌಜದಾರ ನಿನ್ನ ಕರದು ಕೂಡಿಸಿದ್ರ ಅದೂ ಹೋತು. ಮತ್ತ ನಾ ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಕೆಂಪು ದಾರ ಬ್ಯಾರೆ ತಂದು ಕಟ್ಟಿದಾಂವ ನಾನು. ನೇಕಾರರ ಹುಡುಗ ಅದನ್ನ ಏನಂತ ತಿಳೀತಾನ ಅನ್ನೂದು ಕೇಳಲಿಲ್ಲ. ಚೀಟಿ ನೋಡ್ತೀನಿ ಅಂದೆ, ನೋಡಲಿಲ್ಲ. ಉಳಿದದ್ದು ಆಮ್ಯಾಲೆ ಮಾತಾಡೋಣು."

ಎರಡು ದಿನ ಅವರು ಆ ಪಡಸಾಲೆ ಬಿಟ್ಟು ಕದಲಲಿಲ್ಲ. ಸೋಮವಾರ ಶಾಲೆಗೆ ಹೋಗಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅವ್ವ ಒಯ್ದ ರೊಟ್ಟಿ ಹಾಗೇ ವಾಪಸು ಬಂತು. ಕಾಕಾ ಅವರನ್ನು ದಾಟಿಕೊಂಡು ಓಡಾಡುತ್ತಿದ್ದ, ಮಾತಾಡಿಸುತ್ತಿರಲಿಲ್ಲ. ಮಂಗಳವಾರ ಮಧ್ಯಾಹ್ನ ಕಂಪೌಂಡರನು ಹೊರಗೆ ಬಂದು, ಪೇಶಂಟಿಗೆ ಮೂತ್ರ ಸಲೀಸಾಗಿ ಆಯಿತು, ಇನ್ನು ಭಯವಿಲ್ಲ ಎಂದ. ಮಾಸ್ತರರು ಎದ್ದು, ನಳದ ಬಳಿ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡರು. ಅಳುತ್ತಿದ್ದರೋ ಏನೋ, ನಾನು ಹತ್ತಿರ ಹೋಗಲಿಲ್ಲ.

ಅಪ್ಪ ಬದುಕಿದ. ಫೌಜದಾರರು ಕೇಸು ಮಾಡಲಿಲ್ಲ. ಅಪ್ಪನೇ ಹಾಸಿಗೆಯಿಂದ, ಮಾಸ್ತರರಿಂದಲೇ ಉಳಿದೆ ಎಂದು ಹೇಳಿಕೆ ಕೊಟ್ಟ. ಆದರೆ ಶಾಲೆಯ ಕಮಿಟಿ ಬಿಡಲಿಲ್ಲ. ಕಪಾಟಿನ ವಿಷವನ್ನು ಕೇಳದೆ ಹೊರಗೆ ಒಯ್ದದ್ದು ಒಂದು, ಹುಳಿ ಹರಳಿನ ಭರಣಿಗೆ ತಪ್ಪು ಗುರುತು ಬರೆದದ್ದು ಇನ್ನೊಂದು. ಮೊದಲನೆಯದಕ್ಕೆ ತಾಕೀತು ಸಾಕಿತ್ತಂತೆ. ಎರಡನೆಯದಕ್ಕೆ ರಾಜೀನಾಮೆ ಕೇಳಿದರು. ಬರುವ ಜೂನಿಗೆ ಹೆಡ್‌ಮಾಸ್ತರರಾಗಬೇಕಾಗಿದ್ದ ಮನುಷ್ಯ ಹೆಂಡತಿಯನ್ನು ಕರೆದುಕೊಂಡು ನರಗುಂದಕ್ಕೆ ಹೋಗಿ, ಮನೆಯಲ್ಲೇ ಹುಡುಗರಿಗೆ ಗಣಿತ ಹೇಳಿಕೊಡತೊಡಗಿದರು. ಎರಡನೆಯ ತಪ್ಪು ನನ್ನದು ಎಂದು ಇಡೀ ತಾಲೂಕಿನಲ್ಲಿ ಮೂರೇ ಮಂದಿಗೆ ಗೊತ್ತು ಎಂದುಕೊಂಡಿದ್ದೆ. ಒಬ್ಬರು ಹೇಳಲಿಲ್ಲ, ಒಬ್ಬ ಮಗನಿಗಾಗಿ ಹೇಳಲಿಲ್ಲ, ಒಬ್ಬ ಹೇಡಿಯಾಗಿ ಹೇಳಲಿಲ್ಲ.

ಅಕ್ಟೋಬರಿನಲ್ಲಿ ನಾನು ಪಾಸಾದೆ. ಆಮ್ಲಗಳ ಹೆಸರು ಕಟ್ಟುವ ಪ್ರಶ್ನೆ ಮತ್ತೆ ಬಂದಿತ್ತು, ಒಂದೂ ತಪ್ಪಲಿಲ್ಲ. ನರಗುಂದದಿಂದ ಒಂದು ಕಾರ್ಡು ಬಂತು. "ತುದಿಯಿಂದ ಎಣಿಸಿದೆ ಎಂದು ತಿಳಿಯುತ್ತೇನೆ. ಬಿ.ಎಸ್ಸಿ.ಗೆ ಹೆಸರು ಹಚ್ಚು. ಈ ಕಡೆ ಬಂದಾಗ ಮನೆಗೆ ಬಾ." ಅಷ್ಟೇ. ನಾನು ಮೂರು ಸಲ ಉತ್ತರ ಬರೆದು ಮೂರನ್ನೂ ಹರಿದೆ. ಪಾಸಾದ ಮೇಲೆ ಹೇಳೋಣ ಎಂದುಕೊಂಡಿದ್ದವನು, ಡಿಗ್ರಿ ಆಗಲಿ ಎಂದೆ. ಡಿಗ್ರಿ ಆದ ಮೇಲೆ ನೌಕರಿ ಆಗಲಿ ಎಂದೆ. ನೌಕರಿ ಸಿಕ್ಕಿತು, ಅದೂ ರಸಾಯನಶಾಸ್ತ್ರ ಕಲಿಸುವ ನೌಕರಿ, ಹುಬ್ಬಳ್ಳಿಯಲ್ಲಿ.

ಹುಬ್ಬಳ್ಳಿಯಿಂದ ಊರಿಗೆ ಬರುವಾಗ ನಾನು ನರಗುಂದದ ಮೇಲೇ ಹಾದು ಬರುತ್ತಿದ್ದೆ. ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಅವರ ಓಣಿ ನಿಲ್ದಾಣದ ಎದುರಿಗೇ. ನಾನು ಇಳಿಯುತ್ತಿರಲಿಲ್ಲ. ಕಿಟಕಿಯಿಂದ ಮುಖ ಒಳಗೆ ತಿರುಗಿಸಿ ಕೂಡುತ್ತಿದ್ದೆ, ಬಸ್ಸು ಹೊರಟ ಮೇಲೆ ಉಸಿರು ಬಿಡುತ್ತಿದ್ದೆ. ನನ್ನನ್ನು ಕಂಡರೆ ಬೈದಾರು ಎಂಬ ಭಯ ನನಗಿರಲಿಲ್ಲ. ಬೈಯುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಹೋಗಲಾಗುತ್ತಿರಲಿಲ್ಲ. ಮನೆಗೆ ಬಂದರೆ ಅಪ್ಪ ಪ್ರತಿಸಲ ಒಂದೇ ಮಾತು ಕೇಳುತ್ತಿದ್ದ.

"ನರಗುಂದಕ್ಕ ಇಳದಿದ್ದೇನು?"

"ಹೊತ್ತಾಗಿತ್ತಪ್ಪಾ."

"ಹತ್ತು ನಿಮಿಷಾ ನಿಲ್ತೈತಿ ಬಸ್ಸು," ಎನ್ನುತ್ತಿದ್ದ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಮಾಸ್ತರರು ಹೋದರು. ಎರಡು ದಿನದ ಜ್ವರವಂತೆ. ತಿಳಿದದ್ದು ಮಣ್ಣಾದ ಮೇಲೆ. ನರಗುಂದದ ಒಂದು ಪಡಸಾಲೆಯಲ್ಲಿ ಅವರ ಹಳೆಯ ವಿದ್ಯಾರ್ಥಿಗಳು ಸಂತಾಪದ ಸಭೆ ಇಟ್ಟುಕೊಂಡರು. ಆ ಸಲ ನಾನು ಬಸ್ಸಿಳಿದೆ. ಹಿಂದಿನ ಸಾಲಿನಲ್ಲಿ ಕೂತೆ. ಬಾಗಿಲ ಬದಿಗೆ ಹೆಂಗಸರ ನಡುವೆ ಅವರ ಹೆಂಡತಿ ಕೂತಿದ್ದರು. ಒಬ್ಬೊಬ್ಬರೇ ಎದ್ದು ನಾಲ್ಕು ಮಾತು ಆಡಿದರು. ಕೊನೆಗೆ ರೋಣದಲ್ಲಿ ಅವರ ಜೊತೆ ಕೆಲಸ ಮಾಡಿದ ಒಬ್ಬ ಹಿರಿಯ ಮಾಸ್ತರರು, ಒಳ್ಳೆಯ ಮನಸ್ಸಿನಿಂದಲೇ, "ಗಜೇಂದ್ರಗಡದಾಗ ಆ ಒಂದು ಎಣಿಕಿ ತಪ್ಪಿದ್ದು ಬಿಟ್ರ, ಅವರ ಜನ್ಮದಾಗ ಒಂದು ತಪ್ಪು ಹುಡುಕಿದ್ರೂ ಸಿಗೂದಿಲ್ಲ," ಎಂದರು.

ನಾನು ಎದ್ದು ನಿಂತೆ. ಎಣಿಕೆ ತಪ್ಪಿದವನು ನಾನು, ಆ ಅಂಕಿ ಬರೆದ ಕೈ ಇದು, ಅವರು ನನ್ನ ಪರೀಕ್ಷೆಗಾಗಿ ತಮ್ಮ ಮೇಲೆ ಎಳೆದುಕೊಂಡರು ಎಂದು ಅಷ್ಟೂ ಮಂದಿಯ ಮುಂದೆ ಹೇಳಿದೆ. ಹೇಳಿ ಮುಗಿದಾಗ ನನಗೆ ಹಗುರವಾಗಿತ್ತು ಎಂದರೆ ಸುಳ್ಳಲ್ಲ. ಹಾಗೆ ಹಗುರವಾದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಸಭೆ ಮುಗಿದ ಮೇಲೆ ಹೋಗಿ ಅವರ ಹೆಂಡತಿಯ ಕಾಲಿಗೆ ನಮಸ್ಕರಿಸಿದೆ.

"ನಮಗದು ಗೊತ್ತಿತ್ತು ತಮ್ಮಾ," ಎಂದರು. "ದವಾಖಾನಿಯಿಂದ ಮನಿಗೆ ಬಂದ ದಿನಾನ ಹೇಳಿದ್ರು. ಆಮ್ಯಾಲೆ ಈ ಊರಿಗೆ ಬಂದ ಮ್ಯಾಲೆ, ಹುಬ್ಬಳ್ಳಿ ಬಸ್ಸು ಬರೂ ಹೊತ್ತಿಗೆ ಕಟ್ಟಿ ಮ್ಯಾಲೆ ಬಂದು ಕೂಡ್ತಿದ್ರು. ನೀ ಕಿಟಕ್ಯಾಗ ಕೂತದ್ದು ಎಷ್ಟೋ ಸಲ ನೋಡ್ಯಾರ. ಇಷ್ಟು ಮಂದಿ ಮುಂದ ಹೇಳೂದು ಬೇಕಾಗಿದ್ದಿಲ್ಲ. ಒಂದ್ಸಲ ಇಳದು ಬಂದು, ಅವರ ಮುಂದ ಕೂತು ಹೋಗಿದ್ರ ಸಾಕಿತ್ತು."